ಶನಿವಾರ ಗಾಣ ನಿಲ್ಲಿಸುತ್ತಿದ್ದವರ ಊರು: ಮುಂಬೈ, ಅಲಿಬಾಗ್, ಠಾಣೆ

ಗುರುವಾರ, ಕಾಳಾ ಘೋಡಾ

ಟಿಪ್ಪು ಸುಲ್ತಾನನ ಸೆರೆಯಿಂದ ಬಿಡುಗಡೆಯಾಗಿ ಬಂದ ಒಬ್ಬ ಸೈನಿಕ ಮುಂಬೈಯಲ್ಲಿ ಯಹೂದಿಗಳ ಮೊದಲ ಸಿನಗಾಗ್ ಕಟ್ಟಿಸಿದ ಅಂತ ಎಲ್ಲೋ ಓದಿದ್ದೆ. ಸಿನಗಾಗ್ ಅಂದರೆ ಅವರ ಪ್ರಾರ್ಥನಾ ಮಂದಿರ. ಅದನ್ನೊಂದು ನೋಡಿಕೊಂಡು ಬರೋಣ ಅಂತ ಹೊರಟಿದ್ದು, ಆಮೇಲೆ ಒಂದಕ್ಕೊಂದು ಸೇರಿ ಅಲಿಬಾಗ್‌ವರೆಗೂ ಬೆಳೆಯಿತು. ನಾನು ಬೆಳಗಾವಿಯವನು, ಮರಾಠಿ ಬರುತ್ತದೆ, ಹಾಗಾಗಿ ಮಾತಿಗೆ ತೊಂದರೆ ಇರಲಿಲ್ಲ. ನಮ್ಮ ಭಾವ ಡೊಂಬಿವಲಿಯಲ್ಲಿದ್ದಾರೆ. ಬ್ಯಾಂಕಿನಿಂದ ರಿಟೈರ್ ಆಗಿ ಮನೆಯಲ್ಲಿ ಬೇಜಾರಾಗಿ ಕೂತಿದ್ದರು. "ನಾನೂ ಬರ್ತೀನಿ" ಅಂದರು. ನಿಜ ಹೇಳಬೇಕೆಂದರೆ ಅವರಿಲ್ಲದಿದ್ದರೆ ಲೋಕಲ್ ಟ್ರೇನಿನಲ್ಲಿ ನನಗೆ ಕಾಲಿಡಲೂ ಜಾಗ ಸಿಗುತ್ತಿರಲಿಲ್ಲ.

ಮುಂಬೈಯ ದೊಡ್ಡ ರೈಲು ನಿಲ್ದಾಣ ಸಿಎಸ್‌ಎಂಟಿಯಲ್ಲಿ ಇಳಿದು ನಡೆದೇ ಹೊರಟೆವು. ಜನವರಿ ತಿಂಗಳು, ಮುಂಬೈಯಲ್ಲಿ ಬಿಸಿಲಿಗೆ ನಡೆಯಬಹುದಾದ ಕಾಲ ಇದೊಂದೇ. ದಾರಿಯಲ್ಲಿ ಕಾಮಾ ಆಸ್ಪತ್ರೆ ಕಂಡಾಗ ಭಾವ ತಮ್ಮ ಮಗಳು ಹುಟ್ಟಿದ್ದು ಇಲ್ಲೇ ಅಂತ ತೋರಿಸಿದರು. ಅದೇ ಆಸ್ಪತ್ರೆಯನ್ನು 1928ರಿಂದ 1947ರವರೆಗೆ ನಡೆಸಿದ ಡಾಕ್ಟರ್ ಜೆರುಶಾ ಝಿರಾಡ್ ಯಹೂದಿ, ಮತ್ತು ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ. ಹೇಳಿದರೆ ಭಾವ ನಂಬಲಿಲ್ಲ. "ಶಿವಮೊಗ್ಗದಾಗ ಯಹೂದಿ ಎಲ್ಲಿಂದ ಬಂದ್ರಪಾ?" ಅಂದರು.

ಕಾಳಾ ಘೋಡಾದ ಹಿಂದಿನ ಓಣಿಯಲ್ಲಿ ಕ್ನೆಸೆತ್ ಎಲಿಯಾಹು ಸಿನಗಾಗ್ ಇದೆ. 1884ರಲ್ಲಿ ಸಸೂನ್ ಮನೆತನದವರು ಕಟ್ಟಿಸಿದ್ದು. ಹಳೆಯ ಫೋಟೊಗಳಲ್ಲಿ ಪೂರ್ತಿ ತಿಳಿ ನೀಲಿ ಬಣ್ಣದಲ್ಲಿ ಕಾಣುವುದು ಇದೇ. 2019ರಲ್ಲಿ ದೊಡ್ಡ ದುರಸ್ತಿ ಮುಗಿಯಿತು. ಬಾಗಿಲಲ್ಲಿ ಪೊಲೀಸ್ ಕಾವಲು. 2008ರಲ್ಲಿ ಕೊಲಾಬಾದ ನರಿಮನ್ ಹೌಸ್ ಮೇಲೆ ದಾಳಿಯಾದ ಮೇಲೆ ಮುಂಬೈಯ ಯಾವ ಸಿನಗಾಗ್‌ಗೆ ಹೋದರೂ ಹೀಗೆಯೇ. ಗುರುತಿನ ಚೀಟಿ ಒರಿಜಿನಲ್ ಇಟ್ಟುಕೊಳ್ಳಿ, ಮೊಬೈಲಿನಲ್ಲಿ ತೋರಿಸಿದರೆ ಒಬ್ಬರು ಒಪ್ಪುತ್ತಾರೆ, ಇನ್ನೊಬ್ಬರು ಒಪ್ಪುವುದಿಲ್ಲ. ಶನಿವಾರ ಯಹೂದಿಗಳು ಕೆಲಸ, ಪ್ರಯಾಣ ಬಿಟ್ಟು ವಿಶ್ರಾಂತಿಗೆ ಇಡುವ ದಿನ, ಹಾಗಾಗಿ ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಸಂಜೆವರೆಗೆ ನೋಡುಗರಿಗೆ ಬಿಡುವುದಿಲ್ಲ, ಅವರ ಹಬ್ಬಗಳಂದೂ ಇಲ್ಲ, ಹೊರಡುವ ಮೊದಲು ಅವರ ಕ್ಯಾಲೆಂಡರ್ ಒಂದು ಸಲ ನೋಡಿಕೊಳ್ಳುವುದು ಒಳ್ಳೆಯದು.

ಭಾವ ಈ ಓಣಿಯ ತುದಿಯಲ್ಲಿ ವರ್ಷಗಟ್ಟಲೆ ಚಹಾ ಕುಡಿದವರು. "ಯಾವುದೋ ಚರ್ಚ್ ಇರಬೇಕು ಅನ್ಕೊಂಡಿದ್ದೆ ನೋಡಪಾ" ಅಂದರು. ಗಂಡಸರು ತಲೆ ಮುಚ್ಚಿಕೊಳ್ಳಬೇಕು, ಬಾಗಿಲ ಬಳಿ ಡಬ್ಬಿಯಲ್ಲಿ ಸಣ್ಣ ಟೋಪಿಗಳಿರುತ್ತವೆ. ಭಾವನ ಬೋಳುತಲೆಯ ಮೇಲೆ ಅದು ನಿಲ್ಲಲೇ ಇಲ್ಲ. ಒಂದು ಕೈ ತಲೆಯ ಮೇಲಿಟ್ಟುಕೊಂಡೇ ಪೂರ್ತಿ ನೋಡಿದರು.

ಒಳಗೆ ನಡುವೆ ಮರದ ಕಟಕಟೆ ಇರುವ ಎತ್ತರದ ಪೀಠ, ಅಲ್ಲಿ ನಿಂತು ಗ್ರಂಥ ಓದುತ್ತಾರೆ. ಗೋಡೆಯಲ್ಲಿ ಆ ಗ್ರಂಥದ, ಅಂದರೆ ತೋರಾದ, ಸುರುಳಿಗಳ ಕಪಾಟು. ಅದು ಪಶ್ಚಿಮಕ್ಕೆ, ಯಾಕೆಂದರೆ ಇಲ್ಲಿಂದ ಜೆರುಸಲೆಮ್ ಇರುವುದು ಆ ಕಡೆ. ಮೇಲೆ ಹೆಂಗಸರಿಗೆ ಪ್ರತ್ಯೇಕ ಗ್ಯಾಲರಿ. ಬಣ್ಣದ ಗಾಜಿನಿಂದ ಬಂದ ಬೆಳಕು ಹತ್ತು ಗಂಟೆಯ ಹೊತ್ತಿಗೆ ಸರಿಯಾಗಿ ಬೆಂಚುಗಳ ಮೇಲೆ ಬಿದ್ದಿರುತ್ತದೆ, ಆ ಹೊತ್ತಿಗೇ ಹೋಗಿ.

ನೋಡಿಕೊಳ್ಳುವ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಮರಾಠಿಯಲ್ಲಿ ಶುರು ಮಾಡಿದೆ, ಮುಖ ಅರಳಿತು. ಇದು ಬಾಗ್ದಾದಿಗಳು ಕಟ್ಟಿದ್ದು, ಆದರೆ ತಾನು ಬೆನೆ ಇಸ್ರೇಲ್ ಅಂದರು. ಹೊರಗಿನವರಾದ ನಮಗೆ ಯಹೂದಿ ಅಂದರೆ ಒಂದೇ. ಒಳಗೆ ಹಾಗಿಲ್ಲ. ಬೆನೆ ಇಸ್ರೇಲಿಗಳು ಕೊಂಕಣ ಕರಾವಳಿಯಲ್ಲಿ ಎಷ್ಟೋ ಶತಮಾನ ಮರಾಠಿಗರಾಗಿಯೇ ಬಾಳಿದವರು. ಬಾಗ್ದಾದಿಗಳು ಇರಾಕ್, ಸಿರಿಯಾ ಕಡೆಯಿಂದ ವ್ಯಾಪಾರಕ್ಕೆ ಬಂದವರು. ಬಾಗ್ದಾದಿನ ಡೇವಿಡ್ ಸಸೂನ್ 1830ರ ದಶಕದಲ್ಲಿ ಮುಂಬೈಗೆ ಬಂದು ಹತ್ತಿ, ಅಫೀಮಿನ ವ್ಯಾಪಾರದಲ್ಲಿ ದೊಡ್ಡ ಶ್ರೀಮಂತನಾದ. ಸಸೂನ್ ಡಾಕ್, ಸಸೂನ್ ಲೈಬ್ರರಿ ಎಲ್ಲ ಆ ಮನೆತನದ್ದೇ. ಮೊದಮೊದಲು ಬಂದ ಬಾಗ್ದಾದಿಗಳು ಬೆನೆ ಇಸ್ರೇಲಿಗಳ ಸಿನಗಾಗ್‌ನಲ್ಲೇ ಪ್ರಾರ್ಥನೆ ಮಾಡುತ್ತಿದ್ದರು, ಅವರ ಸ್ಮಶಾನದಲ್ಲೇ ಹೂಳುತ್ತಿದ್ದರು. ಕೈಯಲ್ಲಿ ನಾಲ್ಕು ಕಾಸು ಆದ ಮೇಲೆ ಈ ಬೆನೆ ಇಸ್ರೇಲಿಗಳು ಪೂರ್ತಿ ಯಹೂದಿಗಳು ಹೌದೋ ಅಲ್ಲವೋ ಅಂತ ಅನುಮಾನ ಶುರುವಾಯಿತು. 1836ರಲ್ಲಿ ಸ್ಮಶಾನದ ನಡುವೆ ಗೋಡೆ ಕಟ್ಟಿಸಿಕೊಡಿ ಅಂತ ಸರ್ಕಾರಕ್ಕೆ ಅರ್ಜಿ ಹಾಕಿದರು. ಸತ್ತ ಮೇಲೂ ಪಕ್ಕದಲ್ಲಿ ಮಲಗಲು ಆಗುವುದಿಲ್ಲ ಅಂತ!

ಪ್ರಾರ್ಥನೆ ಪೂರ್ಣವಾಗಲು ಹತ್ತು ಮಂದಿ ಗಂಡಸರು ಬೇಕು, ಅದನ್ನು ಮಿನ್ಯಾನ್ ಅನ್ನುತ್ತಾರೆ. ಆ ಹತ್ತರಲ್ಲಿ ಬೆನೆ ಇಸ್ರೇಲಿಯನ್ನು ಬಾಗ್ದಾದಿಗಳು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. "ಈಗ?" ಅಂದೆ. ಹಿರಿಯರು ಕಪಾಟಿನ ಕಡೆ ನೋಡಿ, "ಈಗ ನಾವು ಬರದಿದ್ದರೆ ಹತ್ತು ಆಗೋದೇ ಇಲ್ಲ" ಅಂದರು. ಹೇಳುವಾಗ ಸಿಟ್ಟಿರಲಿಲ್ಲ, ಸ್ವಲ್ಪ ತಮಾಷೆ ಇತ್ತು. ಬಾಗ್ದಾದಿಗಳು ಬಹುಪಾಲು ಇಂಗ್ಲೆಂಡ್, ಆಸ್ಟ್ರೇಲಿಯಾ ಅಂತ ಹೊರಟುಹೋಗಿದ್ದಾರೆ.

ಶುಕ್ರವಾರ, ಮಸೀದಿ ಬಂದರ್

ಸಿಎಸ್‌ಎಂಟಿಯ ನಂತರದ ಸ್ಟೇಷನ್ನೇ ಮಸೀದಿ. ಆ ಹೆಸರು ಬಂದಿದ್ದು ಸಿನಗಾಗ್‌ನಿಂದ ಅಂತ ಬೆನೆ ಇಸ್ರೇಲಿಗಳು ಹೇಳುತ್ತಾರೆ. ಅವರು ಸಿನಗಾಗ್‌ಗೆ ಮಶೀದ್ ಅಂತಲೇ ಕರೆಯುತ್ತಿದ್ದರು. ಈ ಹಳೆಯದಕ್ಕೆ ಜುನಿ ಮಶೀದ್.

ಇಲ್ಲಿ ನಡೆಯುವುದೇ ಒಂದು ವಿದ್ಯೆ. ಕೈಗಾಡಿ, ತಲೆಹೊರೆ, ಟೆಂಪೊ, ನಡುವೆ ನಾವು. ಖಾರದ ಪುಡಿಯ ಘಾಟಿಗೆ ಭಾವ ಮೂರು ಸಲ ಸೀನಿ, ಒಬ್ಬ ಹಮಾಲನಿಂದ ಬೈಸಿಕೊಂಡರು. ಸ್ಯಾಮ್ಯುಯೆಲ್ ಸ್ಟ್ರೀಟ್ ಯಾವುದು ಅಂತ ಒಣಹಣ್ಣಿನ ಅಂಗಡಿಯ ಮುಸ್ಲಿಂ ಹುಡುಗನನ್ನು ಕೇಳಿದರೆ ಅವನು ತಲೆ ಎತ್ತದೆ "ಜುನಿ ಮಶೀದ್‌ಗಾ? ಎರಡನೇ ಓಣಿ" ಅಂದ. ಅಂಜೂರ ಅಲ್ಲಿಯೇ ತೆಗೆದುಕೊಳ್ಳಿ, ನಮ್ಮ ಕಡೆಗಿಂತ ಅಗ್ಗ.

ಶಾರ್ ಹಾರಹಮೀಮ್, ದಯೆಯ ಬಾಗಿಲು. 1796ರಲ್ಲಿ ಕಟ್ಟಿದ್ದು, ಈಗಿನ ಜಾಗಕ್ಕೆ ಬಂದಿದ್ದು 1860ರಲ್ಲಿ. ಹೊರಗಿನಿಂದ ನೋಡಿದರೆ ಏನೂ ವಿಶೇಷ ಇಲ್ಲ, ಗೊತ್ತಿಲ್ಲದವರು ಗೋದಾಮು ಅಂತ ದಾಟಿ ಹೋಗುತ್ತಾರೆ. ಒಳಗೆ ಮಾತ್ರ ಮರದ ಕೆಲಸ ನೋಡುತ್ತ ನಿಲ್ಲುವ ಹಾಗಿದೆ. ಇದನ್ನು ಕಟ್ಟಿಸಿದವನು ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರ್. ಮನೆಮಾತಿನಲ್ಲಿ ಸಾಮಾಜಿ ಹಸಾಜಿ. ಕಂಪನಿ ಸೈನ್ಯದಲ್ಲಿದ್ದ, ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸಿಕ್ಕ. ಮುಂದಿನದು ಬೆನೆ ಇಸ್ರೇಲಿಗಳು ಹೇಳಿಕೊಂಡು ಬಂದ ಕಥೆ. ಸೆರೆಯಾಳುಗಳನ್ನು ಸಾಲಾಗಿ ನಿಲ್ಲಿಸಿ ಜಾತಿ ಯಾವುದು ಅಂತ ಕೇಳಿದರಂತೆ. ಇವನು "ಬೆನೆ ಇಸ್ರೇಲ್" ಅಂದ. ಟಿಪ್ಪುವಿನ ತಾಯಿ ಅದನ್ನು ಕೇಳಿ, ಕುರಾನಿನಲ್ಲಿ ಓದಿದ್ದೇನೆ ಈ ಜನರ ಬಗ್ಗೆ, ಕಣ್ಣಾರೆ ನೋಡಿರಲಿಲ್ಲ, ಬಿಟ್ಟುಬಿಡು ಅಂದಳಂತೆ. ಬದುಕಿ ವಾಪಸ್ ಹೋದರೆ ಸಿನಗಾಗ್ ಕಟ್ಟಿಸುತ್ತೇನೆ ಅಂತ ಹರಕೆ ಹೊತ್ತಿದ್ದ, ಕಟ್ಟಿಸಿದ. ಆಮೇಲೆ ತೋರಾ ಸುರುಳಿ ತರಲು ಕೊಚ್ಚಿಗೆ ಹೋಗಿ 1797ರಲ್ಲಿ ಅಲ್ಲೇ ತೀರಿಕೊಂಡ.

ನನಗೆ ಈ ಕಥೆಯಲ್ಲಿ ಹಿಡಿಸಿದ್ದು ಒಂದು. ಜಾತಿ ಕೇಳಿದಾಗ ಇವನ ಉತ್ತರವನ್ನು ಶ್ರೀರಂಗಪಟ್ಟಣದವರು ಸುಮ್ನೆ ನಂಬಿದರು. ಅದೇ ಉತ್ತರವನ್ನು ನಂಬದೆ ಪುರಾವೆ ಕೇಳಿದವರು ಸುಮಾರು ಐವತ್ತು ವರ್ಷ ಬಿಟ್ಟು ಬಂದ ಬಾಗ್ದಾದಿ ಯಹೂದಿಗಳು.

ಮಧ್ಯಾಹ್ನ ಬಾಗಿಲು ಹಾಕುವ ಮೊದಲು ಭಾಯಖಳಾಕ್ಕೆ ಓಡಿದೆವು. ಅಲ್ಲಿ ಮಾಗೆನ್ ಡೇವಿಡ್, 1860ರ ದಶಕದಲ್ಲಿ ಡೇವಿಡ್ ಸಸೂನ್ ಕಟ್ಟಿಸಿದ್ದು. ಎತ್ತರದ ಗಡಿಯಾರ ಗೋಪುರ, ದಪ್ಪ ಕಂಬಗಳು. ಪಕ್ಕದಲ್ಲೇ ಸಸೂನ್ ಹೆಸರಿನ ಶಾಲೆ. ಯಹೂದಿ ಮಕ್ಕಳಿಗೆ ಅಂತ ಶುರುವಾದದ್ದು, ಈಗ ಓದುವವರು ಹೆಚ್ಚಾಗಿ ಮುಸ್ಲಿಂ ಮಕ್ಕಳು. ನಾವು ಹೋದಾಗ ಹುಡುಗರು ಸಿನಗಾಗ್‌ನ ಅಂಗಳದ ಅಂಚಿನಲ್ಲೇ ಕ್ರಿಕೆಟ್ ಆಡುತ್ತಿದ್ದರು. ಚೆಂಡು ಕಂಬಕ್ಕೆ ಬಡಿದರೆ ಔಟ್ ಅಂತೆ.

ಶನಿವಾರ, ಸಮುದ್ರ ದಾಟಿ ಅಲಿಬಾಗ್

ಸಿನಗಾಗ್‌ಗಳೆಲ್ಲ ಮುಚ್ಚಿರುವ ದಿನ ಪ್ರಯಾಣಕ್ಕೆ ಇಟ್ಟುಕೊಂಡಿದ್ದೆವು. ಗೇಟ್‌ವೇಯಿಂದ ಮಾಂಡ್ವಾಕ್ಕೆ ದೋಣಿ, ಅಲ್ಲಿಂದ ಅಲಿಬಾಗ್‌ಗೆ ಬಸ್ಸು, ಎರಡೂ ಒಂದೇ ಟಿಕೆಟಿನಲ್ಲಿ. ಮಳೆಗಾಲದಲ್ಲಿ ದೋಣಿ ನಿಲ್ಲುತ್ತದೆ. ಮೇಲಿನ ಅಂತಸ್ತಿಗೆ ಸ್ವಲ್ಪ ಜಾಸ್ತಿ ಕೊಡಬೇಕು, ಕೊಡಿ. ಚಳಿಗಾಲದಲ್ಲಿ ಕಡಲಹಕ್ಕಿಗಳು ದೋಣಿಯ ಜೊತೆಗೇ ಹಾರಿ ಬರುತ್ತವೆ. ಭಾವನ ಕೈಯಲ್ಲಿದ್ದ ಚಿಪ್ಸ್ ಪೊಟ್ಟಣವನ್ನು ಒಂದು ಹಕ್ಕಿ ಕಿತ್ತುಕೊಂಡು ಹೋಯಿತು. ಅವರದು ಶನಿವಾರ ಒಪ್ಪತ್ತು, ಚಿಪ್ಸ್ ನಡೆಯುತ್ತದೆ ಅನ್ನುವುದು ಅವರದೇ ಕಾನೂನು.

ದೋಣಿಯಲ್ಲಿ ನಾನು ಅವರಿಗೆ ಶನಿವಾರ್ ತೇಲಿಗಳ ಕಥೆ ಹೇಳಿದೆ. ಬೆನೆ ಇಸ್ರೇಲಿಗಳು ಕೊಂಕಣದ ಹಳ್ಳಿಗಳಲ್ಲಿ ಗಾಣದವರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲ, ಅದಕ್ಕೇ ಊರವರು ಶನಿವಾರ್ ತೇಲಿ ಅಂತ ಕರೆದರು. ಹೀಬ್ರೂ ಮರೆತಿದ್ದರು, ಗ್ರಂಥ ಇರಲಿಲ್ಲ. ಉಳಿದದ್ದು ಇಷ್ಟು: ಶನಿವಾರದ ರಜೆ, ಗಂಡುಮಗುವಿಗೆ ಎಂಟನೇ ದಿನ ಸುನ್ನತಿ, ಪೊರೆ ಇರುವ ಮೀನು ಮಾತ್ರ ತಿನ್ನುವುದು, ಮತ್ತು ಶೆಮಾ ಎಂಬ ಪ್ರಾರ್ಥನೆಯ ಮೊದಲ ಸಾಲು. ಹೊರಗಿನಿಂದ ಬಂದ ಡೇವಿಡ್ ರಾಹಬಿ ಎಂಬಾತ ಇಷ್ಟನ್ನು ನೋಡಿಯೇ ಇವರು ನಮ್ಮವರು ಅಂತ ಗುರುತು ಹಿಡಿದ ಅಂತ ಅವರ ನಂಬಿಕೆ.

ಭಾವ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಶನಿವಾರ ಎಣ್ಣೆ ಯಾರು ಕೊಳ್ತಾರ? ನಮ್ಮಲ್ಲೂ ಕೊಳ್ಳೂದಿಲ್ಲ, ಇಲ್ಲೂ ಕೊಳ್ಳೂದಿಲ್ಲ. ವ್ಯಾಪಾರಕ್ಕೇನೂ ನಷ್ಟ ಆಗಿರ್ಲಿಕ್ಕಿಲ್ಲ ಬಿಡು" ಅಂದರು. ಬ್ಯಾಂಕಿನವರ ತಲೆ! ಯಾವ ಪುಸ್ತಕದಲ್ಲೂ ನನಗೆ ಈ ಮಾತು ಸಿಕ್ಕಿರಲಿಲ್ಲ. ಶನಿವಾರ ಎಣ್ಣೆ ಮನೆಗೆ ತರಬಾರದು ಅನ್ನುವ ಜನರ ನಡುವೆ, ಶನಿವಾರ ಎಣ್ಣೆ ತೆಗೆಯದ ಜನ. ಅವರವರ ಕಾರಣ ಬೇರೆ, ಆದರೆ ಒಬ್ಬರಿಗೊಬ್ಬರು ಅಡ್ಡ ಬರಲಿಲ್ಲ.

ನಮ್ಮ ಮುಂದಿನ ಬೆಂಚಿನಲ್ಲಿ ಬಿಳಿ ಟೋಪಿ ಹಾಕಿಕೊಂಡ ವಯಸ್ಸಾದ ಹೆಂಗಸು, ಜೊತೆಗೆ ಇಬ್ಬರು ಮೊಮ್ಮಕ್ಕಳು. ಮೊಮ್ಮಕ್ಕಳದು ಯಾವುದೋ ಭಾಷೆ, ಅಜ್ಜಿಯದು ಪಕ್ಕಾ ಕೊಂಕಣದ ಮರಾಠಿ. ನಮ್ಮ ಮಾತಿನಲ್ಲಿ "ಶನಿವಾರ್ ತೇಲಿ" ಅನ್ನುವುದು ಕಿವಿಗೆ ಬಿದ್ದು ತಿರುಗಿದರು. "ನಾವೇ ಅದು" ಅಂದರು. ಇಸ್ರೇಲಿನ ಅಶ್ದೋದ್‌ನಿಂದ ಬಂದಿದ್ದಾರೆ, ಮೂಲ ಅಲಿಬಾಗ್ ಹತ್ತಿರದ ಹಳ್ಳಿ. ಶನಿವಾರ ಪ್ರಯಾಣ ಮಾಡಬಹುದಾ ಅಂತ ಭಾವ ನೇರವಾಗಿ ಕೇಳಿಯೇಬಿಟ್ಟರು. ಆ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ನಕ್ಕು, "ನೀವು ಒಪ್ಪತ್ತಿನಲ್ಲಿ ಚಿಪ್ಸ್ ತಿನ್ನಬಹುದಾ?" ಅಂದರು. ಅಲ್ಲಿಗೆ ನಮ್ಮ ಸ್ನೇಹ ಆಯಿತು. ಮರುದಿನ ಅವರ ಮೊಮ್ಮಗನ ಹರಕೆ ತೀರಿಸುವ ಮಲಿದಾ ಇದೆ, ಬನ್ನಿ ಅಂತ ಕರೆದರು.

ಅಲಿಬಾಗ್‌ನಲ್ಲಿ ಯಹೂದಿಗಳು ಇದ್ದ ಬೀದಿಗೆ ಈಗಲೂ ಇಸ್ರಾಯೇಲ್ ಆಳಿ ಅಂತಲೇ ಹೆಸರು. ತೆಂಗು, ಅಡಿಕೆ ಮರಗಳ ನಡುವೆ ಹಂಚಿನ ಮನೆಗಳು, ಹಲವು ಬೀಗ ಹಾಕಿವೆ, ಕೆಲವು ರೆಸಾರ್ಟ್ ಆಗಿವೆ. ಮಾಗೆನ್ ಅಬೋತ್ ಸಿನಗಾಗ್ ಅದೇ ಬೀದಿಯಲ್ಲಿದೆ, ಮೊದಲು ಕಟ್ಟಿದ್ದು 1848ರಲ್ಲಿ. ಗೇಟಿನ ಹೊರಗೆ ನಿಂತು ನೋಡಿ ಬಂದೆವು.

ಸಂಜೆ ಇಳಿತದ ಹೊತ್ತಿಗೆ ಅಲಿಬಾಗ್ ಕಡಲಿನ ಕೊಲಾಬಾ ಕೋಟೆಗೆ (ಮುಂಬೈಯ ಕೊಲಾಬಾ ಬೇರೆ) ನಡೆದು ಹೋಗಬಹುದು, ಹೋಟೆಲಿನವರನ್ನು ಸಮಯ ಕೇಳಿ ಹೊರಡಿ. ನಾವು ವಾಪಸ್ ಬರುವಾಗ ನೀರು ಏರಲು ಶುರುವಾಗಿತ್ತು. ಕಪ್ಪು ಮರಳಿನ ಕೆಸರಲ್ಲಿ ಭಾವನ ಎಡಗಾಲಿನ ಚಪ್ಪಲಿ ಹೂತುಹೋಯಿತು. ಹದಿನೈದು ನಿಮಿಷ ಕೆದಕಿದರೂ ಸಿಗಲಿಲ್ಲ. ಬಲಗಾಲಿನದನ್ನು ಏನು ಮಾಡುವುದು ಅಂತ ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ಬಜಾರಕ್ಕೆ ಬಂದರು.

ರಾತ್ರಿ ಪೋಪಟಿ ತಿಂದೆವು. ಈ ತಿಂಗಳುಗಳಲ್ಲಿ ಮಾತ್ರ ಸಿಗುತ್ತದೆ. ಮಣ್ಣಿನ ಮಡಕೆಯಲ್ಲಿ ಭಾಂಬುರ್ಡಾ ಎಂಬ ಘಮಘಮ ಸೊಪ್ಪು ಹಾಸಿ, ವಾಲ್ ಕಾಯಿ, ಆಲೂಗಡ್ಡೆ, ಓಮ, ಉಪ್ಪು ತುಂಬಿ, ಮಡಕೆ ಬೋರಲು ಹಾಕಿ ಸುತ್ತ ಹುಲ್ಲು ಕಟ್ಟಿಗೆಯಿಂದ ಬೆಂಕಿ ಹಾಕುತ್ತಾರೆ. ಹೆಚ್ಚಿನವರು ಕೋಳಿ, ಮೊಟ್ಟೆಯೂ ಹಾಕುತ್ತಾರೆ, ಸಸ್ಯಾಹಾರಿಗಳು ಮೊದಲೇ ಹೇಳಿ ಬೇರೆ ಮಡಕೆ ಮಾಡಿಸಿ. ಭಾವ ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡು "ಅವರೆಕಾಯಿ ಅಲ್ಲೇನು ಇದು" ಅಂದರು. ಒಪ್ಪತ್ತು ಅಂತ ಬೆಳಗ್ಗೆಯಿಂದ ಕಾದಿದ್ದಕ್ಕೆ ಒಂದು ಮಡಕೆ ಪೂರ್ತಿ ಅವರೇ ಖಾಲಿ ಮಾಡಿದರು.

ಭಾನುವಾರ, ಖಂಡಾಲಾ, ನವಗಾಂವ್

ಮಲಿದಾ ಇರುವುದು ಖಂಡಾಲಾದಲ್ಲಿ ಅಂತ ಮಾವಶಿ ಹೇಳಿದ್ದರು. ಮ್ಯಾಪಿನಲ್ಲಿ ಸುಮ್ನೆ ಖಂಡಾಲಾ ಅಂತ ಹಾಕಿದರೆ ಲೋಣಾವಳಾ ಹತ್ತಿರದ ಘಾಟಿಗೆ ಕಳಿಸುತ್ತದೆ. ಇದು ಅಲಿಬಾಗ್ ಪಕ್ಕದ ಹಳ್ಳಿ. ರಿಕ್ಷಾದವನಿಗೆ "ಎಲಿಯಾಹು ಹನ್ನಬಿಯ ಬಂಡೆ" ಅಂದರೆ ಸಾಕು. ಬೆನೆ ಇಸ್ರೇಲಿಗಳಿಗೆ ಎಲಿಯಾಹು ಪ್ರವಾದಿ ಅಂದರೆ ಮನೆದೇವರಷ್ಟು ಹತ್ತಿರ. ಅವನು ರಥದಲ್ಲಿ ಸ್ವರ್ಗಕ್ಕೆ ಏರುವಾಗ ಇಲ್ಲಿ ಇಳಿದು ಹೋದ ಅಂತ ಅವರ ನಂಬಿಕೆ. ಬಂಡೆಯ ಮೇಲೆ ಕುದುರೆಯ ಗೊರಸಿನ ಗುರುತು, ಗಾಲಿ ಉಜ್ಜಿದ ಗುರುತು ತೋರಿಸುತ್ತಾರೆ. ಬೇರೆ ದೇಶದ ಯಹೂದಿಗಳಿಗೆ ಈ ಬಂಡೆಯೂ ಇಲ್ಲ, ಮಲಿದಾವೂ ಇಲ್ಲ.

ಮಲಿದಾ ತಟ್ಟೆಯನ್ನು ಹತ್ತಿರದಿಂದ ನೋಡಿದೆ. ಸ್ಟೀಲಿನ ದೊಡ್ಡ ಪರಾತ. ನಡುವೆ ನೆನೆಸಿದ ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ, ಗೋಡಂಬಿ, ದ್ರಾಕ್ಷಿ ಕಲಸಿ ಗುಡ್ಡೆ ಮಾಡಿದ್ದರು. ಸುತ್ತ ಬಾಳೆಹಣ್ಣು, ಸೇಬು, ಖರ್ಜೂರ, ಕಿತ್ತಳೆ. ಮೇಲೆ ಗುಲಾಬಿ, ಪಕ್ಕದಲ್ಲಿ ಸಬ್ಜಾದ, ಅಂದರೆ ಕಾಮಕಸ್ತೂರಿಯ, ಚಿಗುರು. ಹೀಬ್ರೂವಿನಲ್ಲಿ ಮಂತ್ರ ಹೇಳಿ ಮುಗಿಸಿದ ಮೇಲೆ ಒಂದೊಂದಕ್ಕೂ ಬೇರೆ ಬೇರೆ ಆಶೀರ್ವಾದ: ಮರದ ಹಣ್ಣಿಗೆ ಒಂದು, ನೆಲದ ಬೆಳೆಗೆ ಒಂದು, ಪರಿಮಳಕ್ಕೆ ಒಂದು. ಸಬ್ಜಾದ ಚಿಗುರನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರೂ ಮೂಸಿದರು. ನಮ್ಮ ಕೈಗೂ ಬಂತು. ಮೊಮ್ಮಗ ಸೈನ್ಯದ ಸೇವೆ ಮುಗಿಸಿ ಸುರಕ್ಷಿತವಾಗಿ ಬಂದಿದ್ದಕ್ಕೆ ಈ ಹರಕೆ. ಹುಡುಗನಿಗೆ ಮರಾಠಿ ಬರುವುದಿಲ್ಲ, ಅವಲಕ್ಕಿ ಮಾತ್ರ ಕೇಳಿ ಕೇಳಿ ಹಾಕಿಸಿಕೊಂಡ.

ಊಟದ ಮೇಲೆ ಮಾವಶಿ ಕಾಲು ಚಾಚಿ ಕೂತು ಮಾತಿಗೆ ಇಳಿದರು. ಅವರದು ಮರಾಠಿ ಹೆಸರಿನ ಹಬ್ಬಗಳು. ಪುರೀಮ್ ಹಬ್ಬಕ್ಕೆ ಹೋಳಿಚಾ ಸಣ್. ಜೆರುಸಲೆಮ್‌ನ ದೇವಾಲಯ ನಾಶವಾದ ದಿನದ ಉಪವಾಸಕ್ಕೆ ಬಿರ್ಡ್ಯಾಚಾ ರೋಜಾ, ಯಾಕೆಂದರೆ ಆ ದಿನ ಉಪವಾಸ ಬಿಡುವುದು ಮೊಳಕೆ ಬರಿಸಿ ಸಿಪ್ಪೆ ತೆಗೆದ ವಾಲ್ ಕಾಳಿನ ಬಿರ್ಡಾ ಸಾರಿನಿಂದ. ಮಾಂಸದಡುಗೆಗೆ ಹಾಲು ಮೊಸರು ಸೇರಿಸಬಾರದು, ಅದಕ್ಕೆ ಇವರದ್ದು ಎಲ್ಲವೂ ತೆಂಗಿನ ಹಾಲಿನಲ್ಲಿ. ಕೊಂಕಣದಲ್ಲಿ ಹುಟ್ಟಿದ್ದು ಎಂಥ ಅದೃಷ್ಟ, ಅಲ್ವಾ!

ಅವರು ಇಸ್ರೇಲಿಗೆ ಹೋದದ್ದು 1960ರ ದಶಕದ ಶುರುವಿನಲ್ಲಿ, ಹುಡುಗಿಯಾಗಿದ್ದಾಗ. "ಇಲ್ಲಿ ಯಾರೂ ಕಳಿಸಲಿಲ್ಲ. ಬೀಳ್ಕೊಡೋಕೆ ಬಂದ ಕೋಳಿ ಹೆಂಗಸರು ಅತ್ತರು" ಅಂದರು. ಕೋಳಿ ಅಂದರೆ ಇಲ್ಲಿನ ಮೀನುಗಾರರು. ಅಲ್ಲಿ ಇಳಿದ ಮೇಲೆ ಶುರುವಾಯಿತು ಪ್ರಶ್ನೆ. 1962ರಲ್ಲಿ ಅಲ್ಲಿನ ಮುಖ್ಯ ರಬ್ಬಿಗಳ, ಅಂದರೆ ಧರ್ಮಗುರುಗಳ ಕಚೇರಿ, ಬೆನೆ ಇಸ್ರೇಲಿಗಳು ಬೇರೆ ಯಹೂದಿಗಳ ಜೊತೆ ಮದುವೆಯಾಗಬೇಕಾದರೆ ತಲೆಮಾರುಗಳ ಹಿಂದಿನವರೆಗೂ ವಂಶ ವಿಚಾರಿಸಬೇಕು ಅಂತ ಆದೇಶ ಕೊಟ್ಟಿತು. ಗಾಣದವರ ಮನೆಯಲ್ಲಿ ವಂಶಾವಳಿ ಎಲ್ಲಿರುತ್ತದೆ? 1964ರಲ್ಲಿ ಜೆರುಸಲೆಮ್‌ನಲ್ಲಿ ಧರಣಿ ಕೂತರು. ಮಾವಶಿಯ ಅಪ್ಪನೂ ಕೂತಿದ್ದರಂತೆ. "ಧರಣಿ ಮಾಡೋದು ಹೇಗೆ ಅಂತ ನಮ್ಮವರಿಗೆ ಇಲ್ಲಿಂದಲೇ ಗೊತ್ತಿತ್ತಲ್ಲ." ಆ ಆಗಸ್ಟ್‌ನಲ್ಲಿ ಅಲ್ಲಿನ ಸಂಸತ್ತು ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಅಂತ ನಿರ್ಣಯ ಮಾಡಿತು, ಆದೇಶ ಬದಲಾಯಿತು.

ನನಗೆ ಬಾಗ್ದಾದಿಗಳ ಗೋಡೆ ನೆನಪಾಗಿ ಅದನ್ನು ಹೇಳಿದೆ. ಮಾವಶಿ ಕೈ ಅಲ್ಲಾಡಿಸಿದರು. "ಅವರನ್ನ ಯಾಕೆ ಬೈತೀರಿ? ನಮ್ಮಲ್ಲೇ ಗೋರಾ, ಕಾಳಾ ಅಂತ ಇತ್ತು. ಬೇರೆ ಜಾತಿ ಹೆಂಗಸಿಗೆ ಹುಟ್ಟಿದವರು ಕಾಳಾ ಇಸ್ರೇಲ್. ನಮ್ಮಜ್ಜಿ ಅವರ ಮನೆಗೆ ಹೆಣ್ಣು ಕೊಡ್ತಿರಲಿಲ್ಲ, ಅಡುಗೆ ಪಾತ್ರೆ ಮುಟ್ಟಿಸ್ತಿರಲಿಲ್ಲ." ಭಾವ ತಲೆ ಅಲ್ಲಾಡಿಸಿದರು. ಪಾತ್ರೆಯ ಮಾತು ಬಂದರೆ ನಾವೇನು ಹೇಳುವ ಹಾಗಿದೆ?

ನಾಲ್ಕರ ಹೊತ್ತಿಗೆ ಅವರ ಗಾಡಿಯಲ್ಲೇ ನವಗಾಂವ್‌ಗೆ ಹೋದೆವು. ಅಲಿಬಾಗ್‌ನಿಂದ ಉತ್ತರಕ್ಕೆ, ಕಿಹೀಮ್ ಕಡೆ. ಹಡಗು ಒಡೆದು ಇಲ್ಲಿ ಬದುಕಿ ದಡ ಸೇರಿದವರು ಏಳು ಗಂಡಸರು, ಏಳು ಹೆಂಗಸರು, ಅವರ ಮಕ್ಕಳೇ ನಾವು ಅನ್ನುವುದು ಮೂಲಕಥೆ. ಮುಳುಗಿದವರ ಹೆಣಗಳನ್ನು ಹೂತ ದಿಬ್ಬಗಳು ಅಂತ ತೋರಿಸುವ ಜಾಗದಲ್ಲಿ ಈಗ ಸ್ಮಾರಕ ಕಂಬ ಇದೆ. ಹಳೆಯ ಸಮಾಧಿಗಳಿಗೆ ಹೆಸರಿಲ್ಲ, ಒರಟು ಕಲ್ಲುಗಳಷ್ಟೇ. ಮುಂದೆ ಹಳ್ಳಿಯ ಹೆಸರೇ ಅಡ್ಡಹೆಸರಾಯಿತು: ಪೇಣ್‌ನವರು ಪೇಣ್ಕರ್, ಕಿಹೀಮ್‌ನವರು ಕಿಹೀಮ್ಕರ್, ಚೌಲ್‌ನವರು ಚೇವುಲ್ಕರ್. ಹಳೆ ಹಿಂದಿ ಚಿತ್ರಗಳ ಬೋಳುತಲೆಯ ನಟ ಡೇವಿಡ್ ಇದ್ದರಲ್ಲ, ಅವರು ಡೇವಿಡ್ ಅಬ್ರಹಾಂ ಚೇವುಲ್ಕರ್. ಭಾವನಿಗೆ ಈ ವಿಷಯ ಕೇಳಿ ತುಂಬಾ ಖುಷಿಯಾಯಿತು, ಕಾರಣ ನಾನು ಹೇಳಬೇಕಾಗಿಲ್ಲ.

ವಾಪಸ್ ದೋಣಿಗೆ ಭಾನುವಾರ ಸಂಜೆ ಕಾಲಿಡಲು ಜಾಗ ಇರುವುದಿಲ್ಲ. ನಾವು ಬಸ್ಸು ಹಿಡಿದೆವು. ವಡಖಳ್ ದಾಟಿದ ಮೇಲೆ ಟೈರ್ ಪಂಕ್ಚರ್. ರಸ್ತೆ ಬದಿ ಬಿಳಿ ಈರುಳ್ಳಿಯ ಜಡೆಗಳನ್ನು ತೂಗುಹಾಕಿಕೊಂಡು ಮಾರುತ್ತಿದ್ದರು. ಅಲಿಬಾಗ್‌ನ ಈ ಈರುಳ್ಳಿ ಹಸಿಯಾಗಿಯೇ ಸಿಹಿ. ಎರಡು ಜಡೆ ಕೊಂಡೆವು. ಆ ವಾಸನೆಯಲ್ಲೇ ಡೊಂಬಿವಲಿ ಸೇರುವಾಗ ಹನ್ನೊಂದೂವರೆ.

ಸೋಮವಾರ, ಠಾಣೆ

ಈಗ ಮುಂಬೈ ಭಾಗದ ಯಹೂದಿಗಳು ಜಾಸ್ತಿ ಇರುವುದು ಠಾಣೆಯಲ್ಲಿ. ಇಡೀ ದೇಶದಲ್ಲಿ ಈಗ ಉಳಿದಿರುವವರೇ 5,000ದ ಆಸುಪಾಸು. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಅಲ್ಪಸಂಖ್ಯಾತರ ಸ್ಥಾನ ಕೊಟ್ಟಿತು. ಠಾಣೆಯ ಶಾರ್ ಹಶಾಮಾಯಿಮ್ ಸಿನಗಾಗ್ 1879ರದ್ದು. ಸೋಮವಾರ ಮತ್ತು ಗುರುವಾರ ಬೆಳಗ್ಗೆ ತೋರಾ ಓದುತ್ತಾರೆ. ಮಾವಶಿಯ ಸಂಬಂಧಿಕರೊಬ್ಬರ ಮಾತಿನ ಮೇಲೆ ನಮ್ಮನ್ನು ಹಿಂದಿನ ಬೆಂಚಿನಲ್ಲಿ ಕೂರಲು ಬಿಟ್ಟರು. ಈ ಸಲ ಭಾವ ಮನೆಯಿಂದಲೇ ಗಾಂಧಿ ಟೋಪಿ ತಂದಿದ್ದರು.

ಮುಗಿದ ಮೇಲೆ ಅಂಗಳದಲ್ಲಿ ಚಹಾ, ಕಾಂದಾ ಪೋಹೆ, ಅಂದರೆ ಈರುಳ್ಳಿ ಅವಲಕ್ಕಿ. ಅಲ್ಲಿ ಮಣಿಪುರದ ಒಬ್ಬ ಹುಡುಗನಿದ್ದ, ಹತ್ತಿರದ ಆಫೀಸಿನಲ್ಲಿ ಕೆಲಸ. ಬ್ನೇ ಮೆನಾಶೆ ಪಂಗಡದವನು. ಮಣಿಪುರ, ಮಿಜೋರಾಂ ಕಡೆಯ ಇವರು ಇಸ್ರೇಲಿನ ಕಳೆದುಹೋದ ಕುಲದವರು ನಾವು ಅನ್ನುತ್ತಾರೆ. 2005ರಲ್ಲಿ ಇಸ್ರೇಲಿನ ಮುಖ್ಯ ರಬ್ಬಿಯೊಬ್ಬರು ಒಪ್ಪಿದರು, ಆದರೆ ಅಲ್ಲಿಗೆ ಹೋಗಬೇಕಾದರೆ ವಿಧಿಪ್ರಕಾರ ಮತಾಂತರ ಆಗಲೇಬೇಕು. ಹುಡುಗನ ಹೀಬ್ರೂ ಅಲ್ಲಿದ್ದ ಹಲವರಿಗಿಂತ ಚೆನ್ನಾಗಿತ್ತು, ಅದು ನಮಗೂ ಗೊತ್ತಾಗುವಷ್ಟು.

ಅವನು ಹತ್ತರಲ್ಲಿ ಲೆಕ್ಕಕ್ಕೆ ಬರುತ್ತಾನಾ ಅಂತ ಇಬ್ಬರು ಹಿರಿಯರ ನಡುವೆ ವಾದ ಎದ್ದಿತು. ಕನ್ನಡಕದವರು ಬರುತ್ತಾನೆ ಅಂದರು. ದಪ್ಪ ಮೀಸೆಯವರು, "ಒಳ್ಳೆ ಹುಡುಗ, ನನಗೆ ಮಗ ಇದ್ದ ಹಾಗೆ. ಆದರೆ ಕಾಗದ ಆಗೋವರೆಗೂ ಆಗಲ್ಲ" ಅಂದರು.

"ನಿಮ್ಮ ಚಿಕ್ಕಪ್ಪಂಗೆ 64ರಲ್ಲಿ ಯಾವ ಕಾಗದ ಇತ್ತು?" ಅಂತ ಮೀಸೆಯವರ ಹೆಂಡತಿ ಪೋಹೆ ಬಡಿಸುತ್ತಲೇ ಕೇಳಿದರು. ಅವರು ಹೋಗುವುದು ಉದಾರಪಂಥದ ಪ್ರಾರ್ಥನೆಗೆ, ಅಲ್ಲಿ ಗಂಡಸರು ಹೆಂಗಸರು ಒಟ್ಟಿಗೇ ಕೂರುತ್ತಾರೆ. 1925ರಲ್ಲಿ ಅದನ್ನು ಮುಂಬೈಯಲ್ಲಿ ಶುರುಮಾಡಿದವರಲ್ಲಿ ಮುಖ್ಯರು ಶಿವಮೊಗ್ಗದಲ್ಲಿ ಹುಟ್ಟಿದ ಅದೇ ಡಾಕ್ಟರ್ ಝಿರಾಡ್ ಅಂತ ಆಗ ಗೊತ್ತಾಯಿತು.

"ಅದು ಬೇರೆ, ಇದು ಬೇರೆ" ಅಂದರು ಮೀಸೆಯವರು.

"ಹೇಗೆ ಬೇರೆ?"

"ನಾವು ಯಾವಾಗಲೂ ಇದ್ವಿ."

ಹುಡುಗ ಪೋಹೆ ತಿನ್ನುತ್ತ ಇಬ್ಬರನ್ನೂ ನೋಡುತ್ತಿದ್ದ. ಇದು ಮೊದಲ ಸಲದ ವಾದ ಅಲ್ಲ ಅಂತ ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಲೋಟ ತೊಳೆದಿಟ್ಟು, ಆಫೀಸಿಗೆ ಹೊತ್ತಾಯಿತು, ಗುರುವಾರ ಬರುತ್ತೇನೆ ಅಂದ. "ಬೇಗ ಬಾ, ಹೋದ ಗುರುವಾರ ಒಂಬತ್ತೇ ಜನ ಆಗಿದ್ವಿ" ಅಂತ ಮೀಸೆಯವರೇ ಕೂಗಿ ಹೇಳಿದರು. ಅದಕ್ಕೆ ಕನ್ನಡಕದವರು ಮತ್ತೆ ಶುರುಮಾಡಿದರು. ಪ್ರಾರ್ಥನೆ ನಡೆಸಿಕೊಡುವ ಹಜ್ಜಾನ್‌ರನ್ನೇ ಕೇಳಿಬಿಡೋಣ ಅಂತ ಫೋನು ತೆಗೆದರು. ನಮ್ಮ ಟ್ರೇನಿಗೆ ಹತ್ತು ನಿಮಿಷ ಇತ್ತು, ಭಾವನಿಗೆ ಉತ್ತರ ಕೇಳಿಕೊಂಡೇ ಹೋಗಬೇಕು ಅಂತ ಆಸೆ. ಹಜ್ಜಾನ್ ಫೋನ್ ಎತ್ತಲಿಲ್ಲ.